ಯಂತ್ರ ತಪ್ಪಿದರೆ ತೆರುವವರು ಯಾರು?

(ಒಬ್ಬರು ಚಳ್ಳಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಅವರ ಬಳಿ ಓದಿ, ಈಗ ಬೆಂಗಳೂರಿನಲ್ಲಿ ಹಾರುವ ಯಂತ್ರಗಳಿಗೆ ನಿಯಂತ್ರಣ ಸಾಫ್ಟ್‌ವೇರ್ ಬರೆಯುವ ಎಂಜಿನಿಯರ್.)

ಮೇಷ್ಟ್ರು: ನಮ್ಮ ಸೀಮೆಯ ಕಾವಲುಗಳಲ್ಲಿ ಎರಡು ಬಗೆಯ ಯಂತ್ರಗಳ ಪರೀಕ್ಷೆ ನಡೆದಿದೆ ಕಣಮ್ಮ. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿರುವಂಥ ಕುಳಿಗಳನ್ನು ನೆಲದಲ್ಲಿ ತೋಡಿದರು. ಲ್ಯಾಂಡರಿನ ಸೆನ್ಸರ್‌ಗಳನ್ನು ವಿಮಾನದಲ್ಲಿಟ್ಟು ಆ ಕುಳಿಗಳ ಮೇಲೆ ಹಾರಿಸಿ ನೋಡಿದರು. ಅದೇ ಸೀಮೆಯಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. 2017ರಲ್ಲಿ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳು ಹಾರುವುದು ಅಲ್ಲಿ. ಒಂದು ವಿಜ್ಞಾನಕ್ಕೆ, ಇನ್ನೊಂದು ದೇಶದ ರಕ್ಷಣೆಗೆ. ಈ ಎರಡರ ಒಳಗೂ ಇರುವುದು ಒಂದೇ ವಿದ್ಯೆಯೋ, ಬೇರೆಬೇರೆಯೋ?

ಎಂಜಿನಿಯರ್: ಬಹುಮಟ್ಟಿಗೆ ಒಂದೇ ಸಾರ್. ಈಗ ಎಲ್ಲಿದ್ದೇನೆ, ಯಾವ ಕಡೆಗೆ ವಾಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ, ಎಲ್ಲಿಗೆ ತಲುಪಬೇಕು, ಇವಿಷ್ಟನ್ನು ಯಂತ್ರ ಸೆಕೆಂಡಿಗೆ ಹತ್ತಾರು ಸಲ ತನಗೆ ತಾನೇ ಕೇಳಿಕೊಳ್ಳುತ್ತದೆ. ಪ್ರತಿ ಸಲ ಬಂದ ಉತ್ತರದಂತೆ ರೆಕ್ಕೆಯನ್ನೋ ಎಂಜಿನ್ನನ್ನೋ ತಿದ್ದಿಕೊಳ್ಳುತ್ತದೆ. 2022ರ ಜುಲೈ 1ರಂದು ಡಿಆರ್‌ಡಿಒದ ಒಂದು ಪ್ರಾಯೋಗಿಕ ವಿಮಾನ ನಮ್ಮ ಈ ರೇಂಜ್‌ನಲ್ಲೇ ತಾನಾಗಿ ಮೇಲೇರಿತು, ಹೇಳಿದ ದಾರಿಯಲ್ಲಿ ಹಾರಿತು, ತಾನಾಗಿ ಇಳಿಯಿತು. ಮರುವರ್ಷ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದೂ ತಾನೇ ರನ್‌ವೇ ಹುಡುಕಿಕೊಂಡು ಇಳಿಯಿತು. 2024ರ ಜೂನ್ 23ರ ಪರೀಕ್ಷೆಯಲ್ಲಿ ಬೇಕೆಂದೇ ರನ್‌ವೇಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಗಾಳಿ ಜೋರಿತ್ತು. ಆದರೂ ದಾರಿ ಸರಿಪಡಿಸಿಕೊಂಡು, ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ನೆಲ ಮುಟ್ಟಿತು.

ಮೇಷ್ಟ್ರು: ಕೇಳಿದರೆ ಎದೆ ಉಬ್ಬುತ್ತದೆ. ವಿದ್ಯೆ ಒಂದೇ ಎಂದಮೇಲೆ, ಒಂದನ್ನು ಕೊಂಡಾಡಿ ಇನ್ನೊಂದಕ್ಕೆ ಹೆದರುವುದು ತಪ್ಪು ಅನ್ನುತ್ತೀಯಾ?

ಎಂಜಿನಿಯರ್: ಇಲ್ಲ ಸಾರ್. ಯಾವ ತೀರ್ಮಾನವನ್ನು ಯಂತ್ರದ ಕೈಗೆ ಒಪ್ಪಿಸುತ್ತೇವೆ ಅನ್ನುವುದರಲ್ಲಿ ಭಯ ಇರಬೇಕು. ಅದು ಚಂದ್ರಯಾನದಲ್ಲಿ ಚೆನ್ನಾಗಿ ಕಾಣುತ್ತದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿಯಲು ಶುರುಮಾಡಿದಾಗ 30 ಕಿ.ಮೀ. ಎತ್ತರದಲ್ಲಿತ್ತು, ಸೆಕೆಂಡಿಗೆ 1.68 ಕಿ.ಮೀ. ವೇಗದಲ್ಲಿ ಅಡ್ಡಲಾಗಿ ಓಡುತ್ತಿತ್ತು. ಚಂದ್ರನಿಂದ ಒಂದು ಸಂಕೇತ ಇಲ್ಲಿಗೆ ಬರಲು 1.3 ಸೆಕೆಂಡು ಬೇಕು, ಇಲ್ಲಿಂದ ಉತ್ತರ ಹೋಗಲು ಮತ್ತೆ ಅಷ್ಟೇ. ಅಂದರೆ ನಾವು ನೋಡಿ, ಆ ಕ್ಷಣವೇ ಉತ್ತರ ಕೊಟ್ಟರೂ, ಅದು ತಲುಪುವಷ್ಟರಲ್ಲಿ ನೌಕೆ ನಾಲ್ಕು ಕಿ.ಮೀ.ಗೂ ಮುಂದೆ ಹೋಗಿರುತ್ತದೆ. ಹಾಗಾಗಿ ಆ ಹತ್ತೊಂಬತ್ತು ಇಪ್ಪತ್ತು ನಿಮಿಷ ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಲ್ಲಿ ಕುಳಿತವರು ನೋಡುವವರಷ್ಟೇ. ನೆಲಕ್ಕೆ 150 ಮೀಟರ್ ಇರುವಾಗ ವಿಕ್ರಮ್ ಗಾಳಿಯಿಲ್ಲದ ಆ ಜಾಗದಲ್ಲಿ ಎಂಜಿನ್ ಬಲದಲ್ಲೇ ತೂಗಿ ನಿಂತಿತು. ಕ್ಯಾಮೆರಾದಲ್ಲಿ ಕೆಳಗಿನ ಬಂಡೆ, ಕುಳಿ, ನೆರಳು ಇವನ್ನೆಲ್ಲ ತಾನೇ ನೋಡಿತು. ಇಲ್ಲಿ ಇಳಿಯಬಹುದು ಎಂದು ತಾನೇ ತೀರ್ಮಾನಿಸಿತು.

ಮೇಷ್ಟ್ರು: ಅದಕ್ಕೂ ನಾಲ್ಕು ವರ್ಷ ಮೊದಲು ಚಂದ್ರಯಾನ-2ರ ವಿಕ್ರಮ್‌ಗೆ ಇಳಿಯಲಾಗಲಿಲ್ಲವಲ್ಲ. 2019ರ ಸೆಪ್ಟೆಂಬರ್ 7ರ ಆ ರಾತ್ರಿ ನಾನೂ ನಿದ್ದೆಗೆಟ್ಟು ಟಿವಿ ಮುಂದೆ ಕುಳಿತಿದ್ದೆ. ಯಂತ್ರ ಎಲ್ಲಿ ಎಡವಿತು?

ಎಂಜಿನಿಯರ್: ಅದನ್ನು ಇಸ್ರೋದ ಅಧ್ಯಕ್ಷರಾಗಿದ್ದ ಸೋಮನಾಥ್ ಅವರು ಮುಂದೆ ಬಿಡಿಸಿ ಹೇಳಿದರು. ವೇಗ ತಗ್ಗಿಸಬೇಕಾದ ಐದು ಎಂಜಿನ್‌ಗಳು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟವು. ನಡುವೆ ಒಂದು ಹಂತದಲ್ಲಿ ಚಿತ್ರ ತೆಗೆಯಲು ನೌಕೆ ಅಲುಗದೆ ಇರಬೇಕಿತ್ತು. ತಪ್ಪು ಬೆಳೆಯುತ್ತಿದ್ದರೂ ಆ ಹಂತ ಮುಗಿಯುವವರೆಗೆ ತಿದ್ದಿಕೊಳ್ಳಲು ಅದಕ್ಕೆ ಅನುಮತಿ ಇರಲಿಲ್ಲ. ಹಂತ ಮುಗಿದ ಮೇಲೆ ಕೂಡಿದ್ದ ತಪ್ಪನ್ನೆಲ್ಲ ಒಂದೇ ಸಲಕ್ಕೆ ಸರಿಮಾಡಲು ಹೊರಟಿತು, ಬೇಗ ಬೇಗ ತಿರುಗಬೇಕಾಯಿತು. ಎಷ್ಟು ಬೇಗ ತಿರುಗಬಹುದು ಅನ್ನುವುದಕ್ಕೂ ಸಾಫ್ಟ್‌ವೇರ್ ಮಿತಿ ಹಾಕಿತ್ತು. ಇಷ್ಟು ಸಾಲದೆಂದು, ಇಳಿಯಲು ಕೊಟ್ಟ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲ. ನೆಲ ಹತ್ತಿರವಾಗುತ್ತಿದ್ದರೂ ಆ ಜಾಗವನ್ನೇ ಮುಟ್ಟಬೇಕೆಂದು ವೇಗ ಹೆಚ್ಚಿಸಿಕೊಂಡಿತು.

ಮೇಷ್ಟ್ರು: ಅಂದರೆ ಅದು ಹೇಳಿದ ಮಾತು ಮೀರಲಿಲ್ಲ.

ಎಂಜಿನಿಯರ್: ಒಂದಕ್ಷರವೂ ಮೀರಲಿಲ್ಲ. ಇದನ್ನು ಜನ ಗಮನಿಸುವುದಿಲ್ಲ. ಯಂತ್ರ ದಂಗೆ ಎದ್ದೀತು ಎಂದು ಸಿನಿಮಾಗಳು ಹೆದರಿಸುತ್ತವೆ. ನಮ್ಮ ಕೆಲಸದಲ್ಲಿ ನಾವು ಹೆದರುವುದು ಅದರ ವಿಧೇಯತೆಗೆ. ಬರೆದವರು ಊಹಿಸದ ಪರಿಸ್ಥಿತಿ ಎದುರಾದರೂ ಅದು ಬರೆದದ್ದನ್ನೇ ಮಾಡುತ್ತದೆ, ಅದೂ ಕಣ್ಣು ಮಿಟುಕಿಸುವುದರೊಳಗೆ. ಅದಕ್ಕೇ ಚಂದ್ರಯಾನ-3ರಲ್ಲಿ ಏನೇನು ಕೆಡಬಹುದು ಎಂಬ ಪಟ್ಟಿಯಿಂದಲೇ ವಿನ್ಯಾಸ ಶುರುಮಾಡಿದರು. ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಇಂಧನ ಹೆಚ್ಚಿಸಿದರು, ಕಾಲು ಗಟ್ಟಿ ಮಾಡಿದರು, ವೇಗ ಅಳೆಯಲು ಲೇಸರ್ ಉಪಕರಣ ಸೇರಿಸಿದರು. ತಪ್ಪಿದರೂ ಸುಧಾರಿಸಿಕೊಳ್ಳಲು ಅವಕಾಶ ಕೊಟ್ಟರು.

ಮೇಷ್ಟ್ರು: ಇಳಿದ ಮೇಲೆ?

ಎಂಜಿನಿಯರ್: ಇಳಿದ ಮೇಲೆ ತೀರ್ಮಾನ ಮತ್ತೆ ಮನುಷ್ಯರ ಕೈಗೆ ಬಂತು. ಆಗಸ್ಟ್ 27ರಂದು ಪ್ರಜ್ಞಾನ್ ರೋವರಿನ ಮುಂದೆ, ಮೂರು ಮೀಟರ್ ದೂರದಲ್ಲಿ, ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ರೋವರ್ ನಿಧಾನವಾಗಿ ಹೋಗುವ ಗಾಡಿ, ಯೋಚಿಸಲು ಸಮಯವಿತ್ತು. ಇಲ್ಲಿಂದ ಆದೇಶ ಹೋಯಿತು, ಅದು ಬಂದ ದಾರಿಗೆ ಹಿಂತಿರುಗಿ ಬೇರೆ ದಾರಿ ಹಿಡಿಯಿತು. ಒಂದೇ ಯಾತ್ರೆ ಸಾರ್. ಸಮಯ ಇಲ್ಲದ ಕಡೆ ಯಂತ್ರಕ್ಕೆ ಬಿಟ್ಟರು, ಸಮಯ ಇದ್ದ ಕಡೆ ತಾವೇ ತೀರ್ಮಾನಿಸಿದರು.

ಮೇಷ್ಟ್ರು: ಒಳ್ಳೆಯ ನಿಯಮ. ಆದರೆ ಇದನ್ನೇ ಹಿಡಿದು ಯುದ್ಧಕ್ಕೆ ಹೋದರೆ ಎಡವಟ್ಟಾಗುತ್ತದೆ. ಯುದ್ಧದಲ್ಲಿ ಎಲ್ಲರೂ ಹೇಳುವುದು ಅದನ್ನೇ ಅಲ್ಲವಾ, ಸಮಯ ಇಲ್ಲ ಅಂತ?

ಎಂಜಿನಿಯರ್: ಅದು ನೆಪ ಅಲ್ಲ ಸಾರ್, ನಿಜ. 2025ರ ಮೇ ತಿಂಗಳಲ್ಲಿ ನಮ್ಮ ಪಶ್ಚಿಮ ಗಡಿಯಲ್ಲಿ ಒಂದೇ ರಾತ್ರಿ ಮುನ್ನೂರು ನಾನೂರು ಡ್ರೋನ್‌ಗಳು ಬಂದವು ಎಂದು ಸರ್ಕಾರ ಹೇಳಿತು. ಅಷ್ಟನ್ನು ಕಣ್ಣಲ್ಲಿ ಎಣಿಸಿ, ಫೋನಿನಲ್ಲಿ ಮೇಲಿನವರನ್ನು ಕೇಳಿ, ಆಮೇಲೆ ಗುಂಡು ಹೊಡೆಯಲು ಆಗುತ್ತದೆಯೇ? ಬಿಇಎಲ್ ಮಾಡಿಕೊಟ್ಟ ಆಕಾಶ್‌ತೀರ್ ವ್ಯವಸ್ಥೆ ಬೇರೆಬೇರೆ ರಾಡಾರ್‌ಗಳು ಕಂಡದ್ದನ್ನು ಒಂದೇ ಚಿತ್ರವಾಗಿ ಹೊಂದಿಸಿ ಕೊಡುತ್ತದೆ. ಯಾವುದು ನಮ್ಮದು, ಯಾವುದು ಅವರದು, ಯಾವ ತುಕಡಿಗೆ ಯಾವುದು ಹತ್ತಿರ ಎಂದು ಕ್ಷಣದಲ್ಲಿ ತೋರಿಸುತ್ತದೆ. ಅದಿಲ್ಲದಿದ್ದರೆ ಗಡಿಯ ಊರುಗಳ ಜನಕ್ಕೆ ಯಾರು ದಿಕ್ಕು? ಬಂದದ್ದು ಮನುಷ್ಯರಿಲ್ಲದ ಡ್ರೋನ್ ಎಂದು ಖಚಿತವಾದರೆ ಅದನ್ನು ಕೆಡಹುವ ಕೆಲಸ ಯಂತ್ರಕ್ಕೆ ಕೊಡಲು ನನ್ನ ಮನಸ್ಸು ಹಿಂಜರಿಯುವುದಿಲ್ಲ.

ಮೇಷ್ಟ್ರು: ಖಚಿತವಾದರೆ ಅನ್ನುತ್ತೀಯಲ್ಲ, ತೊಡಕಿರುವುದು ಅಲ್ಲೇ. ಆಕಾಶದಲ್ಲಿ ಹೊಳೆಯುವ ಚುಕ್ಕೆ ಏನೆಂದು ಖಚಿತಪಡಿಸುವವರು ಯಾರು?

ಎಂಜಿನಿಯರ್: ನಮ್ಮ ವೃತ್ತಿಯವರು ಮರೆಯಬಾರದ ಘಟನೆ ಒಂದಿದೆ. 2003ರ ಮಾರ್ಚ್ 23, ಇರಾಕ್ ಯುದ್ಧ. ಬ್ರಿಟಿಷ್ ವಾಯುಪಡೆಯ ಟೊರ್ನೆಡೊ ವಿಮಾನವೊಂದು ಕೆಲಸ ಮುಗಿಸಿ ಕುವೈತ್‌ನ ತನ್ನ ನೆಲೆಗೆ ಮರಳುತ್ತಿತ್ತು. ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಅದನ್ನು ರಾಡಾರಿನ ಮೇಲೆ ಬೀಳಲು ಬರುತ್ತಿರುವ ಕ್ಷಿಪಣಿ ಎಂದು ಗುರುತಿಸಿತು. ಸಿಬ್ಬಂದಿಗೆ ತೀರ್ಮಾನಿಸಲು ಒಂದು ನಿಮಿಷದಷ್ಟು ಸಮಯ. ಹೊಡೆದರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಅವರು ಶತ್ರುಗಳಲ್ಲ, ಮಿತ್ರರು. ಗುಂಡಿ ಒತ್ತಿದ್ದು ಮನುಷ್ಯರೇ. ಆದರೆ ಯಂತ್ರ ಹೇಳಿದ್ದನ್ನು ನಂಬಬೇಕು ಎಂದು ಅವರಿಗೆ ತರಬೇತಿ ಕೊಟ್ಟಿದ್ದರು. ಅಮೆರಿಕದ ರಕ್ಷಣಾ ಇಲಾಖೆಯ ವಿಜ್ಞಾನ ಮಂಡಳಿಯೇ ಮುಂದೆ ಇದನ್ನು ವರದಿಯಲ್ಲಿ ಬರೆಯಿತು.

ಮೇಷ್ಟ್ರು: ಹಾಗಾದರೆ ಮನುಷ್ಯ ಅಲ್ಲಿ ಕುಳಿತಿದ್ದೂ ಇಲ್ಲದಂತೆ ಆಯಿತು.

ಎಂಜಿನಿಯರ್: ಹೌದು. ಆದರೆ ಇದಕ್ಕೆ ಎದುರಾದ ಘಟನೆಯೂ ಇದೆ, ಅದನ್ನೂ ಹೇಳದಿದ್ದರೆ ಅನ್ಯಾಯ. 1988ರ ಜುಲೈ 3. ಇರಾನಿನ ಪ್ರಯಾಣಿಕ ವಿಮಾನ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿತ್ತು. ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಅದನ್ನು ಹೊಡೆದುರುಳಿಸಿತು. 290 ಜನ ಸತ್ತರು, ಅವರಲ್ಲಿ 66 ಮಕ್ಕಳು. ನೌಕೆಯ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರೆ, ವಿಮಾನ ಮೇಲೇರುತ್ತಿದೆ ಎಂದು ಅದು ಸರಿಯಾಗಿಯೇ ತೋರಿಸಿತ್ತು. ಆ ಕ್ಷಣದ ಒತ್ತಡದಲ್ಲಿದ್ದ ಸಿಬ್ಬಂದಿ ಮಾತ್ರ, ಕೆಳಗಿಳಿದು ನಮ್ಮ ಮೇಲೇ ಬರುತ್ತಿದೆ ಎಂದು ಕೂಗಿದರು. ಅಲ್ಲಿ ಯಂತ್ರ ಸರಿ, ಮನುಷ್ಯ ತಪ್ಪು. ಆದ್ದರಿಂದ ಒಬ್ಬ ಮನುಷ್ಯನನ್ನು ಪರದೆಯ ಮುಂದೆ ಕೂರಿಸಿಬಿಟ್ಟರೆ ಧರ್ಮ ಉಳಿಯುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ ಸಾರ್.

ಮೇಷ್ಟ್ರು: ಸರಿ, ಸಮಯದ ನಿಯಮ ಸಾಲದು, ಮನುಷ್ಯನನ್ನು ಕೂರಿಸುವ ನಿಯಮವೂ ಸಾಲದು. ನಾನು ಇನ್ನೊಂದು ಕಡೆಯಿಂದ ಬರುತ್ತೇನೆ. ಚಂದ್ರನ ಮೇಲೆ ವಿಕ್ರಮ್ ಬಿದ್ದಾಗ ನಷ್ಟ ಯಾರಿಗೆ? ಕಳಿಸಿದವರಿಗೆ. ದುಡ್ಡು ನಮ್ಮದು, ವರ್ಷಗಟ್ಟಲೆ ದುಡಿದ ವಿಜ್ಞಾನಿಗಳ ಶ್ರಮ ನಮ್ಮದು, ಅತ್ತವರೂ ನಾವೇ. ಆ ಟೊರ್ನೆಡೊ ಬಿದ್ದಾಗ ಯಂತ್ರ ಮಾಡಿದವರು ಏನು ಕಳೆದುಕೊಂಡರು? ಆ ಇರಾನಿ ಮಕ್ಕಳು ಯಾರಿಗೆ ಯಾವ ಅಧಿಕಾರ ಕೊಟ್ಟಿದ್ದರು? ನಾನು ನೋಡುವುದು ಇದನ್ನು. ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಿದವರೇ ಅದರ ತಪ್ಪಿಗೂ ತೆರುವಂತಿದ್ದರೆ ಒಪ್ಪಿಸಲಿ. ತೆರುವವರು ಬೇರೆ ಯಾರೋ ಆದರೆ, ಒಪ್ಪಿಸುವ ಹಕ್ಕು ಎಲ್ಲಿಂದ ಬಂತು?

ಎಂಜಿನಿಯರ್: ನಾನು ಈ ಕಡೆಯಿಂದ ಯೋಚಿಸಿರಲಿಲ್ಲ. ನಾವು ಯಾವಾಗಲೂ ತಪ್ಪಿನ ಪ್ರಮಾಣ ಅಳೆಯುತ್ತೇವೆ. ನೂರಕ್ಕೆ ಎಷ್ಟು ತಪ್ಪು, ಸಾವಿರಕ್ಕೆ ಎಷ್ಟು. ಆ ಒಂದು ತಪ್ಪು ಯಾರ ಮೇಲೆ ಬೀಳುತ್ತದೆ ಎಂದು ನಮ್ಮ ಕೋಷ್ಟಕದಲ್ಲಿ ಒಂದು ಕಾಲಂ ಇರುವುದಿಲ್ಲ.

ಮೇಷ್ಟ್ರು: ಅದಕ್ಕೆ ದೂರ ಹೋಗಬೇಕಾಗಿಲ್ಲ. ವಿಕ್ರಮ್ ಬಿದ್ದ ಹತ್ತು ದಿನಕ್ಕೆ, 2019ರ ಸೆಪ್ಟೆಂಬರ್ 17ರಂದು, ಪರೀಕ್ಷೆಗೆ ಹಾರಿದ ಪೈಲಟ್‌ರಹಿತ ವಿಮಾನವೊಂದು ನಮ್ಮ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ಹತ್ತಿರ ಬಿತ್ತು. 2023ರಲ್ಲಿ, ಚಂದ್ರಯಾನ-3 ಇಳಿಯುವ ಮೂರು ದಿನ ಮೊದಲು, ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಇನ್ನೊಂದು ಬಿತ್ತು. ಎರಡು ಸಲವೂ ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಪರೀಕ್ಷೆ ಎಂದರೆ ಬೀಳುವುದೂ ಸೇರಿದೆ, ಅದನ್ನು ನಾನು ದೂರುವುದಿಲ್ಲ. ಆದರೆ ಬಿದ್ದದ್ದು ರೈತರ ನೆಲದಲ್ಲಿ. ಇನ್ನೂ ಹಿಂದಕ್ಕೆ ಹೋಗು. ಇಲ್ಲಿನ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒಗೆ, ಇಸ್ರೋಗೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ ಎಂಟು ಸಾವಿರ ಎಕರೆಗೂ ಹೆಚ್ಚು ಜಾಗ ಕೊಟ್ಟರು. ಬೇಲಿ ಬಿತ್ತು. ಕುರಿ ಮೇಯಿಸುತ್ತಿದ್ದವರು, ಆ ಉಣ್ಣೆಯಲ್ಲಿ ಕಂಬಳಿ ನೇಯುತ್ತಿದ್ದವರು ಹೈಕೋರ್ಟಿಗೆ, ಹಸಿರು ನ್ಯಾಯಮಂಡಳಿಗೆ ಅಲೆದರು. ದೇಶಕ್ಕೆ ಇಂಥ ಜಾಗ ಬೇಕು, ನಿಜ. ಆದರೆ ಬೆಲೆ ತೆತ್ತವರನ್ನು ಕೇಳಿ ಕೊಟ್ಟರೇ? ತೆರುವವರನ್ನು ಕೇಳದೆ ತೀರ್ಮಾನ ಮಾಡುವ ಚಾಳಿ ಯಂತ್ರಕ್ಕಿಂತ ಹಳೆಯದು. ಯಂತ್ರ ಅದನ್ನು ಇನ್ನಷ್ಟು ಸುಲಭ ಮಾಡುತ್ತದೆ ಎಂಬುದೇ ನನ್ನ ಚಿಂತೆ.

ಎಂಜಿನಿಯರ್: ಹಾಗಾದರೆ ವಿಜ್ಞಾನದ ಕಡೆಯೂ ಇದನ್ನೇ ಒರೆಗೆ ಹಚ್ಚಿ ನೋಡೋಣ ಸಾರ್. ನೀವು ನಮಗೆ ಪ್ರೋಟೀನಿನ ಪಾಠ ಮಾಡುವಾಗ ಜಿ.ಎನ್. ರಾಮಚಂದ್ರನ್ ಅವರ ಹೆಸರು ಹೇಳಿದ್ದಿರಿ.

ಮೇಷ್ಟ್ರು: ಹೇಳದೆ ಇರಲಾಗುತ್ತದೆಯೇ? ಮದರಾಸಿನಲ್ಲಿ ಸಂಗಡಿಗರ ಜೊತೆ ಸೇರಿ 1963ರಲ್ಲಿ ಆ ನಕ್ಷೆ ಕೊಟ್ಟರು. ಪ್ರೋಟೀನಿನ ಸರಪಳಿ ಯಾವ ಯಾವ ಕೋನದಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂದು ತೋರಿಸುವ ನಕ್ಷೆ. ಆಮೇಲೆ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗ ಕಟ್ಟಿದರು.

ಎಂಜಿನಿಯರ್: ಒಂದು ಪ್ರೋಟೀನಿನ ಆಕಾರ ಕಂಡುಹಿಡಿಯಲು ಪ್ರಯೋಗಾಲಯದಲ್ಲಿ ಎಷ್ಟೋ ಸಲ ವರ್ಷಗಳೇ ಬೇಕು. 2020ರಲ್ಲಿ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆ ಆ ಆಕಾರವನ್ನು ಬಹಳ ನಿಖರವಾಗಿ ಊಹಿಸಿ ತೋರಿಸಿತು. ಎರಡು ವರ್ಷದಲ್ಲಿ ಇಪ್ಪತ್ತು ಕೋಟಿ ಪ್ರೋಟೀನುಗಳ ಆಕಾರವನ್ನು ಎಲ್ಲರಿಗೂ ಉಚಿತವಾಗಿ ಇಟ್ಟರು. ಅದನ್ನು ಮಾಡಿದ ಡೆಮಿಸ್ ಹಸಬಿಸ್, ಜಾನ್ ಜಂಪರ್ ಅವರಿಗೂ, ಹೊಸ ಪ್ರೋಟೀನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೂ 2024ರ ರಸಾಯನಶಾಸ್ತ್ರ ನೊಬೆಲ್ ಬಂತು. ನಾನು ಮೊದಲ ಸಲ ಆ ಚಿತ್ರ ತೆರೆದಾಗ ಆಕಾರಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಣ್ಣ. ತನಗೆ ಗಟ್ಟಿ ನಂಬಿಕೆಯಿರುವ ಭಾಗವನ್ನು ಅದು ಕಡುನೀಲಿಯಲ್ಲಿ ತೋರಿಸುತ್ತದೆ. ನಂಬಿಕೆ ಇಳಿದಂತೆ ತಿಳಿನೀಲಿ, ಹಳದಿ. ತನಗೇ ಗೊತ್ತಿಲ್ಲದ ಭಾಗವನ್ನು ಕಿತ್ತಳೆಯಲ್ಲಿ ಬಿಡುತ್ತದೆ. ಕೆಲವು ಪ್ರೋಟೀನುಗಳಲ್ಲಿ ನಡುವೆ ನೀಲಿ ಗಂಟು, ಸುತ್ತ ಉದ್ದಕ್ಕೂ ಕಿತ್ತಳೆ ಎಳೆ.

ಮೇಷ್ಟ್ರು: ತನ್ನ ಸಂಶಯವನ್ನು ತಾನೇ ತೋರಿಸುವ ಯಂತ್ರ!

ಎಂಜಿನಿಯರ್: ಹೌದು. ಮೇಲಾಗಿ, ಅದರ ಉತ್ತರವನ್ನು ಪರೀಕ್ಷಿಸಲು ಅರವತ್ತು ವರ್ಷ ಹಳೆಯ ರಾಮಚಂದ್ರನ್ ನಕ್ಷೆಯನ್ನು ಇವತ್ತಿಗೂ ಬಳಸುತ್ತಾರೆ. ಕೋನಗಳು ಆಗಬಾರದ ಕಡೆ ಬಿದ್ದಿದ್ದರೆ ಉತ್ತರ ಅನುಮಾನದ್ದು ಎಂದು ಗೊತ್ತಾಗುತ್ತದೆ. ಆಮೇಲೆ ಪ್ರಯೋಗಾಲಯ ಇದ್ದೇ ಇದೆ. ತಪ್ಪಿದರೆ ಒಂದು ಪ್ರಬಂಧ ಹಿಂದಕ್ಕೆ ಹೋಗುತ್ತದೆ, ಒಬ್ಬ ವಿದ್ಯಾರ್ಥಿಯ ಆರು ತಿಂಗಳು ಹಾಳಾಗುತ್ತದೆ, ಅಷ್ಟೇ. ಮತ್ತೆ ಮಾಡಬಹುದು. ವಿಜ್ಞಾನದಲ್ಲಿ ಯಂತ್ರಕ್ಕೆ ನಾವು ಇಷ್ಟು ಧಾರಾಳವಾಗಿ ಬಿಡಲು ಕಾರಣ ಅದರ ಬುದ್ಧಿವಂತಿಕೆಯೊಂದೇ ಅಲ್ಲ, ಅದರ ಹಿಂದೆ ತಿದ್ದುವವರು ಸಾಲಾಗಿ ನಿಂತಿದ್ದಾರೆ.

ಮೇಷ್ಟ್ರು: ಆದರೆ ವಿಜ್ಞಾನದ ಕಡೆ ಅಪಾಯವೇ ಇಲ್ಲ ಎನ್ನಬೇಡ.

ಎಂಜಿನಿಯರ್: ಇಲ್ಲ ಸಾರ್. ಔಷಧ ಹುಡುಕುವ ಕೃತಕ ಬುದ್ಧಿಮತ್ತೆಯೊಂದಕ್ಕೆ ಅಮೆರಿಕದ ಸಂಶೋಧಕರು ವಿಷವನ್ನು ತಪ್ಪಿಸು ಎಂಬ ಸೂಚನೆಯನ್ನು ತಿರುಗಿಸಿ, ವಿಷವನ್ನೇ ಹುಡುಕು ಎಂದು ಕೊಟ್ಟು ನೋಡಿದರು. ಆರು ಗಂಟೆಯೊಳಗೆ ನಲವತ್ತು ಸಾವಿರ ಅಣುಗಳನ್ನು ಅದು ಸೂಚಿಸಿತು. ರಾಸಾಯನಿಕ ಅಸ್ತ್ರವಾದ ವಿಎಕ್ಸ್ ಎಂಬ ಘೋರ ನರವಿಷವೂ ಅದರಲ್ಲಿತ್ತು. ಜಗತ್ತು ಎಚ್ಚೆತ್ತುಕೊಳ್ಳಲಿ ಎಂದು 2022ರಲ್ಲಿ ಅವರೇ ಅದನ್ನು ಪ್ರಕಟಿಸಿದರು. ಪ್ರಯೋಗಾಲಯದ ಬಾಗಿಲಿಗೂ ಯುದ್ಧಭೂಮಿಗೂ ನಡುವೆ ಗೋಡೆ ಇಲ್ಲ. ಅದಕ್ಕೇ ನಿಮ್ಮ ಪ್ರಶ್ನೆ ಎರಡು ಕಡೆಗೂ ಬೇಕು.

ಮೇಷ್ಟ್ರು: ಯುದ್ಧದ ಕಡೆ ತಿದ್ದುವವರು ಸಾಲಾಗಿ ನಿಂತಿರುವುದಿಲ್ಲ. ಎಲ್ಲೋ ಒಬ್ಬ ಇರುತ್ತಾನೆ. ಸೋವಿಯತ್ ರಷ್ಯಾದ ಪೆಟ್ರೋವ್ ಇದ್ದನಲ್ಲ.

ಎಂಜಿನಿಯರ್: ಸ್ಟಾನಿಸ್ಲಾವ್ ಪೆಟ್ರೋವ್. 1983ರ ಸೆಪ್ಟೆಂಬರ್ 26, ನಡುರಾತ್ರಿ ದಾಟಿತ್ತು. ಅಮೆರಿಕ ಕ್ಷಿಪಣಿ ಹಾರಿಸಿದೆ ಎಂದು ಉಪಗ್ರಹದ ವ್ಯವಸ್ಥೆ ಸೈರನ್ ಕೂಗಿಸಿತು. ಮೊದಲು ಒಂದು, ಆಮೇಲೆ ಒಟ್ಟು ಐದು. ವ್ಯವಸ್ಥೆಯ ಪ್ರಕಾರ ನಂಬಿಕೆ ಅತ್ಯುನ್ನತ ಮಟ್ಟದ್ದು. ನಿಯಮದಂತೆ ಆತ ಮೇಲಕ್ಕೆ ದಾಳಿ ಎಂದು ವರದಿ ಕಳಿಸಬೇಕಿತ್ತು. ಆತ ಯೋಚಿಸಿದ: ಅಣುಯುದ್ಧ ಶುರುಮಾಡುವವರು ಐದೇ ಕ್ಷಿಪಣಿ ಬಿಡುತ್ತಾರೆಯೇ? ನೆಲದ ರಾಡಾರಿನಲ್ಲಿ ಏನೂ ಕಾಣುತ್ತಿಲ್ಲವಲ್ಲ? ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದ. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದುಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು.

ಮೇಷ್ಟ್ರು: ಆತನಿಗೆ ಬಹುಮಾನ ಕೊಟ್ಟರೇ?

ಎಂಜಿನಿಯರ್: ಇಲ್ಲ. ಆ ರಾತ್ರಿ ದಿನಚರಿ ಪುಸ್ತಕ ಸರಿಯಾಗಿ ತುಂಬಿಸಲಿಲ್ಲ ಎಂದು ಛೀಮಾರಿ ಹಾಕಿದರು.

ಮೇಷ್ಟ್ರು: ನೋಡು, ಪೇಟ್ರಿಯಟ್ ಸಿಬ್ಬಂದಿಗೂ ಪೆಟ್ರೋವ್‌ಗೂ ವ್ಯತ್ಯಾಸ ಇಲ್ಲಿದೆ. ಇಬ್ಬರೂ ಪರದೆಯ ಮುಂದೆ ಕುಳಿತ ಮನುಷ್ಯರೇ. ಪೆಟ್ರೋವ್ ಬಳಿ ಯಂತ್ರ ಹೇಳಿದ್ದನ್ನು ಬೇರೆ ಸಾಕ್ಷಿಯ ಜೊತೆ ಹೋಲಿಸಲು ಕೆಲವು ನಿಮಿಷ ಇತ್ತು, ಇಲ್ಲ ಎನ್ನುವ ಎದೆಗಾರಿಕೆಯೂ ಇತ್ತು. ಆ ಎದೆಗಾರಿಕೆಯನ್ನು ವ್ಯವಸ್ಥೆ ಕೊಟ್ಟಿರಲಿಲ್ಲ, ಆತ ಸ್ವಂತದಿಂದ ತಂದ. ಅದೃಷ್ಟವಶಾತ್ ಆ ಪಾಳಿಯಲ್ಲಿ ಆತ ಇದ್ದ. ಜಗತ್ತಿನ ಉಳಿವನ್ನು ಯಾರ ಪಾಳಿ ಎಂಬುದರ ಮೇಲೆ ಬಿಡಬಾರದು. ಸಂಶಯ ಪಡುವ ಹಕ್ಕನ್ನು ವ್ಯವಸ್ಥೆಯೇ ಬರೆದುಕೊಡಬೇಕು.

ಎಂಜಿನಿಯರ್: ಅಣ್ವಸ್ತ್ರದ ಮಟ್ಟಿಗೆ ದೊಡ್ಡ ದೇಶಗಳು ಒಂದು ಹೆಜ್ಜೆ ಇಟ್ಟಿವೆ. 2024ರ ನವೆಂಬರಿನಲ್ಲಿ ಪೆರುವಿನ ಲಿಮಾದಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್, ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು ಎಂದು ಒಪ್ಪಿದರು. ಆದರೆ ಉಳಿದ ಆಯುಧಗಳ ಬಗ್ಗೆ ಜಗತ್ತನ್ನು ಕಟ್ಟಿಹಾಕುವ ಒಪ್ಪಂದ ಇನ್ನೂ ಆಗಿಲ್ಲ. 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸ್ವಾಯತ್ತ ಆಯುಧಗಳ ಬಗ್ಗೆ ಒಂದು ನಿರ್ಣಯ ತಂದಿತು. 152 ದೇಶಗಳು ಪರ. ವಿರುದ್ಧ ಮತ ಹಾಕಿದ್ದು ನಾಲ್ಕೇ ದೇಶ, ಅವುಗಳಲ್ಲಿ ಭಾರತವೂ ಒಂದು.

ಮೇಷ್ಟ್ರು: ಅದು ನನಗೆ ನುಂಗಲಾರದ ತುತ್ತು. ಸಮರ್ಥನೆ ಏನು?

ಎಂಜಿನಿಯರ್: ಈ ಚರ್ಚೆ ಜಿನೀವಾದಲ್ಲಿ, ಕೆಲವು ಆಯುಧಗಳನ್ನು ನಿರ್ಬಂಧಿಸುವ ಹಳೆಯ ಒಪ್ಪಂದದ ವೇದಿಕೆಯಲ್ಲೇ ನಡೆಯಲಿ, ಇನ್ನೊಂದು ವೇದಿಕೆ ಬೇಡ ಎಂಬುದು ನಮ್ಮ ಸರ್ಕಾರದ ನಿಲುವು. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆಯುಧ ಮಾಡುವ ದೊಡ್ಡ ದೇಶಗಳೆಲ್ಲ ಕೂರುವ ಜಾಗ ಅದು. ನಮ್ಮ ನೆರೆಹೊರೆ ನೋಡಿದರೆ, ನಾವೊಬ್ಬರೇ ಕೈ ಕಟ್ಟಿಸಿಕೊಂಡು ಕೂರಲೂ ಆಗುವುದಿಲ್ಲ. ನಾನು ಈ ಕೆಲಸ ಮಾಡುವುದೂ ಅದಕ್ಕೇ ಸಾರ್. ಗಡಿಯಲ್ಲಿರುವ ಹುಡುಗ ಹಳೆಯ ಯಂತ್ರದಿಂದ ಹೊಸ ಯಂತ್ರವನ್ನು ಎದುರಿಸುವಂತಾಗಬಾರದು.

ಮೇಷ್ಟ್ರು: ಆ ಹುಡುಗನಿಗೆ ಒಳ್ಳೆಯ ಯಂತ್ರ ಕೊಡು. ಅದಕ್ಕೆ ನನ್ನ ಆಶೀರ್ವಾದ ಇದೆ. ಆದರೆ ಕೈ ಕಟ್ಟಿಸಿಕೊಳ್ಳಬಾರದು ಎಂಬುದಕ್ಕೂ, ಕೈಗೆ ಲೆಕ್ಕವೇ ಇರಬಾರದು ಎಂಬುದಕ್ಕೂ ಅಂತರವಿದೆ. ಜಿನೀವಾದಲ್ಲೇ ನಡೆಯಲಿ ಅನ್ನುತ್ತೀಯಲ್ಲ, ಅಲ್ಲಿ ಏನು ಒಪ್ಪಿಕೊಂಡಿದ್ದೇವೆ?

ಎಂಜಿನಿಯರ್: 2017 ಮತ್ತು 2018ರಲ್ಲಿ ಆ ತಜ್ಞರ ಗುಂಪಿನ ಅಧ್ಯಕ್ಷರಾಗಿದ್ದವರು ನಮ್ಮ ರಾಜತಂತ್ರಜ್ಞ ಅಮನ್‌ದೀಪ್ ಸಿಂಗ್ ಗಿಲ್. ಅಲ್ಲಿಂದ ಬೆಳೆದ ಹನ್ನೊಂದು ಮಾರ್ಗದರ್ಶಿ ತತ್ವಗಳನ್ನು 2019ರಲ್ಲಿ ಎಲ್ಲರೂ ಅಂಗೀಕರಿಸಿದರು, ಭಾರತವೂ ಸೇರಿ. ಆಯುಧ ಬಳಸುವ ತೀರ್ಮಾನದ ಹೊಣೆ ಮನುಷ್ಯರ ಮೇಲೇ ಇರಬೇಕು, ಉತ್ತರ ಕೊಡುವ ಬಾಧ್ಯತೆಯನ್ನು ಯಂತ್ರಕ್ಕೆ ವರ್ಗಾಯಿಸಲಾಗದು ಎಂಬುದು ಅವುಗಳಲ್ಲಿ ಒಂದು.

ಮೇಷ್ಟ್ರು: ಹಾಗಾದರೆ ನಾವು ಹೊಸದಾಗಿ ಏನನ್ನೂ ಬೇಡಬೇಕಾಗಿಲ್ಲ. ನಮ್ಮವರೇ ಮುಂದೆ ನಿಂತು ರೂಪಿಸಿದ ಮಾತನ್ನು ಕಾನೂನು ಮಾಡಿ ಎಂದು ಕೇಳಿದರೆ ಸಾಕು. ತತ್ವ ಎಂದು ಗೋಡೆಗೆ ತೂಗುಹಾಕಿದರೆ ಯಾರಿಗೂ ನ್ಯಾಯ ಸಿಗುವುದಿಲ್ಲ. ನೀನು ಕೋಡ್ ಬರೆಯುವವಳು. ಕೋಡಿನ ಭಾಷೆಯಲ್ಲಿ, ಅಂದರೆ ಮಾಡಲಾಗುವ ಹಾಗೆ, ಆ ಕಾನೂನಿನಲ್ಲಿ ಏನಿರಬೇಕು ಹೇಳು.

ಎಂಜಿನಿಯರ್: ಮೂರು ಸಂಗತಿ ಸಾರ್. ಮೊದಲನೆಯದು, ಯಂತ್ರ ತನ್ನ ಸಂಶಯವನ್ನು ಮುಚ್ಚಿಡಬಾರದು. ಆಲ್ಫಾಫೋಲ್ಡ್ ಕಿತ್ತಳೆ ಬಣ್ಣ ತೋರಿಸುತ್ತದೆ ಅಂದಮೇಲೆ, ಇದು ಶತ್ರು ಎಂದು ಹೇಳುವ ಪರದೆಯೂ ತೋರಿಸಬೇಕು. ಎಷ್ಟು ನಂಬಿಕೆ, ಯಾವ ಸೆನ್ಸರಿನ ಆಧಾರದ ಮೇಲೆ, ಯಾವ ಸೆನ್ಸರ್ ಒಪ್ಪುತ್ತಿಲ್ಲ, ಇವಿಷ್ಟೂ ಕಾಣಬೇಕು. ಇದು ತಾಂತ್ರಿಕವಾಗಿ ಸುಲಭವಲ್ಲ. ತಪ್ಪನ್ನೂ ಗಟ್ಟಿ ದನಿಯಲ್ಲಿ ಹೇಳುವುದು ಈ ಯಂತ್ರಗಳ ದೊಡ್ಡ ದೋಷ. ಆದರೆ ಅದನ್ನು ಸರಿಪಡಿಸದೆ ಆಯುಧಕ್ಕೆ ಜೋಡಿಸಬಾರದು. ಎರಡನೆಯದು, ಮನುಷ್ಯನ ಜೀವ ಇರಬಹುದಾದ ಗುರಿಯ ಮೇಲೆ ತೀರ್ಮಾನ ಮಾಡುವ ಅಧಿಕಾರಿ ಯಾರೆಂದು ಹೆಸರು ಹಿಡಿದು ಗೊತ್ತಿರಬೇಕು. ಬೇಡ ಎನ್ನುವ ಅಧಿಕಾರ ಆತನಿಗಿರಬೇಕು. ಬೇಡ ಎಂದದ್ದಕ್ಕೆ ಛೀಮಾರಿ ಬೀಳಬಾರದು. ವಿಕ್ರಮ್‌ಗೆ ಇಳಿಯುವ ಜಾಗ ಹಿಗ್ಗಿಸಿದ ಹಾಗೆ, ಆ ಅಧಿಕಾರಿಗೆ ಯೋಚಿಸುವ ಸಮಯ ಹಿಗ್ಗುವಂತೆ ವ್ಯವಸ್ಥೆ ಕಟ್ಟಬೇಕು. ದೂರದಿಂದಲೇ ಮೊದಲೇ ಕಾಣುವ ಹಾಗೆ, ಒಂದಕ್ಕೆ ಎರಡು ಸಾಕ್ಷಿ ಸಿಗುವ ಹಾಗೆ.

ಮೇಷ್ಟ್ರು: ಮೂರನೆಯದು ನಾನು ಹೇಳುತ್ತೇನೆ. ತಪ್ಪಾದ ದಿನ ದಾಖಲೆ ತೆರೆಯಬೇಕು. ಚಂದ್ರಯಾನ-2 ಬಿದ್ದಾಗ ಎಂಜಿನ್ ಎಷ್ಟು ಹೆಚ್ಚು ನೂಕಿತು, ಸಾಫ್ಟ್‌ವೇರ್ ಎಲ್ಲಿ ಕಟ್ಟಿಹಾಕಿತು ಎಂದು ಇಸ್ರೋ ಬಿಡಿಸಿ ಹೇಳಿತು. ಅದಕ್ಕೇ ಮುಂದಿನದು ಇಳಿಯಿತು. ಸತ್ತವರ ಮನೆಯವರಿಗೆ, ಸುಟ್ಟ ಹೊಲದವರಿಗೆ, ಅವರು ಯಾವ ದೇಶದವರೇ ಆಗಲಿ, ಯಾಕೆ ಹೀಗಾಯಿತು ಎಂದು ಕೇಳುವ ಹಕ್ಕಿರಬೇಕು. ಉತ್ತರ ಕೊಡಲು ಒಬ್ಬ ಮನುಷ್ಯ ಎದ್ದು ನಿಲ್ಲಬೇಕು. ಯಂತ್ರದ ತಪ್ಪು ಎಂದು ಯಾರೂ ಕೈ ತೊಳೆದುಕೊಳ್ಳಬಾರದು.

ಎಂಜಿನಿಯರ್: ರಕ್ಷಣಾ ರಹಸ್ಯ ಎಂದು ಅದನ್ನೆಲ್ಲ ಬಚ್ಚಿಡುತ್ತಾರೆ ಸಾರ್.

ಮೇಷ್ಟ್ರು: ಆಯುಧ ಹೇಗೆ ಕೆಲಸ ಮಾಡುತ್ತದೆ ಎಂಬುದು ರಹಸ್ಯವಾಗಿರಲಿ, ಯಾರೂ ಕೇಳುವುದಿಲ್ಲ. ಯಾರ ಆದೇಶದ ಮೇಲೆ ಕೆಲಸ ಮಾಡಿತು ಎಂಬುದು ಪ್ರಜಾಪ್ರಭುತ್ವದಲ್ಲಿ ರಹಸ್ಯವಾಗಿರಕೂಡದು. ಬಚ್ಚಿಡಲೇಬೇಕಾದ್ದನ್ನು ಸಂಸತ್ತಿನ ಸಮಿತಿಯೊಂದು ಬಾಗಿಲು ಮುಚ್ಚಿಕೊಂಡಾದರೂ ನೋಡಲಿ. ನೋಡುವವರೇ ಇಲ್ಲ ಎಂದಾಗಬಾರದು.

ಎಂಜಿನಿಯರ್: ನಾನೂ ಒಂದು ಮಾತು ಕೊಡುತ್ತೇನೆ. ಬರುವ ಡ್ರೋನನ್ನು ಕಂಡುಹಿಡಿಯುವ, ಅದನ್ನು ಕೆಡಹುವ, ಗಾಯಾಳುವನ್ನು ಹುಡುಕಿ ತರುವ, ಚಂದ್ರನ ಮೇಲೆ ಇಳಿಸುವ ಸಾಫ್ಟ್‌ವೇರನ್ನು ಹಗಲು ರಾತ್ರಿ ಕೂತು ಬರೆಯುತ್ತೇನೆ. ಮನುಷ್ಯರಲ್ಲಿ ಯಾರು ಸಾಯಬೇಕು ಎಂದು ಆರಿಸುವ ಸಾಲುಗಳನ್ನು, ಈ ಮೂರು ಷರತ್ತು ಬರಹದಲ್ಲಿ ಬರುವವರೆಗೆ, ಬರೆಯುವುದಿಲ್ಲ. ನಮ್ಮ ತಂಡದ ಸಭೆಯಲ್ಲೂ ಇದನ್ನೇ ಹೇಳುತ್ತೇನೆ. ತಪ್ಪಿನ ಕೋಷ್ಟಕಕ್ಕೆ ಒಂದು ಕಾಲಂ ಸೇರಿಸಿ ಎಂದು ಕೇಳುತ್ತೇನೆ.

ಮೇಷ್ಟ್ರು: ಕೇಳು. ಒಬ್ಬಳೇ ಕೇಳಿದರೆ ಸಾಲದು, ನಿನ್ನ ಓರಗೆಯವರೆಲ್ಲ ಕೇಳಬೇಕು, ನಾವು ಓಟು ಹಾಕುವವರೂ ಕೇಳಬೇಕು. ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೊಬಾಟಿಕ್ಸ್‌ಗೆಂದೇ ಡಿಆರ್‌ಡಿಒ 1986ರಲ್ಲೇ ಕೇಂದ್ರ ತೆರೆಯಿತು. ಈ ಯಂತ್ರಗಳಲ್ಲಿ ಎಷ್ಟೋ ರೂಪುಗೊಳ್ಳುವುದು ನಮ್ಮ ರಾಜ್ಯದಲ್ಲಿ, ಹಾರಿ ನೋಡುವುದು ನಮ್ಮ ಜಿಲ್ಲೆಯಲ್ಲಿ. ಇದು ದೂರದವರ ವಿಷಯ ಎಂದು ನಾವು ಸುಮ್ಮನಿರುವ ಹಾಗಿಲ್ಲ. ಯಂತ್ರಕ್ಕೆ ತೀರ್ಮಾನ ಒಪ್ಪಿಸುವ ಕಾಗದಕ್ಕೆ ಸಹಿ ಹಾಕುವವರು, ಅದರ ತಪ್ಪಿಗೆ ತಲೆ ಕೊಡುತ್ತೇನೆ ಎಂಬ ಕಾಗದಕ್ಕೂ ಅದೇ ಕೈಯಿಂದ ಸಹಿ ಹಾಕಲಿ. ಎರಡನೆಯದಕ್ಕೆ ಹಿಂಜರಿಯುವವರಿಂದ ಮೊದಲನೆಯ ಕಾಗದವನ್ನು ವಾಪಸು ಪಡೆಯಬೇಕು.